ಮೊಸರನ್ನ ಹುಳಿಯಾಗದಷ್ಟು ದೂರ

ಚನ್ನರಾಯಪಟ್ಟಣದ ಯೋಗಾನಂದನಿಗೆ ಸುಳ್ಳು ಹೇಳೋಕೆ ಬರಲ್ಲ ಅನ್ನೋದು ಅಮೆರಿಕದ ಮೌಂಟನ್ ವ್ಯೂ ಕನ್ನಡಿಗರಿಗೆಲ್ಲ ಗೊತ್ತಿದ್ದ ವಿಷಯ. ತನ್ನ ಹಳೇ ಕಾರು ಮಾರುವಾಗ, ಕೊಳ್ಳೋಕೆ ಬಂದವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೊದಲು ಎಣ್ಣೆ ಸೋರುವ ಜಾಗ ತೋರಿಸಿದ ಪುಣ್ಯಾತ್ಮ ಅವನು. ಯಾರ ಮನೆಗೆ ಊಟಕ್ಕೆ ಹೋದರೂ ‘ಸಾರಿಗೆ ಉಪ್ಪು ಒಂಚೂರು ಮುಂದಾಯ್ತು’ ಅಂತ ಅಡುಗೆ ಮಾಡಿದವರ ಮುಖಕ್ಕೇ ಹೇಳಿಬಿಡುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿ ವಾಣಿಶ್ರೀ ಮೇಜಿನ ಕೆಳಗೆ ಅವನ ಕಾಲು ತುಳಿಯುತ್ತಿದ್ದಳು. ಇಂಥವನು ಬದುಕಿನಲ್ಲಿ ಮನಸ್ಸಿಟ್ಟು ಹೇಳಿದ್ದು ಒಂದೇ ಸುಳ್ಳು. ಅದನ್ನೂ ಹೋಗಿ ಹೋಗಿ ಹೆತ್ತ ಮಗಳಿಗೇ ಹೇಳಿದ.

ಮಗಳು ನಿಸರ್ಗಾ. ಮೂರು ವರ್ಷದ ಕೂಸಾಗಿದ್ದಾಗ ಅಪ್ಪನ ಹೆಗಲ ಮೇಲೆ ನಿದ್ದೆ ಮಾಡುತ್ತಾ ಅಮೆರಿಕಕ್ಕೆ ಬಂದವಳು ಈಗ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬೈದರಂತೂ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮುಕ್ಕಾಲು ಇಂಗ್ಲಿಷು. ಬೇಸಿಗೆ ರಜದಲ್ಲಿ ಆಸ್ಪತ್ರೆಗೆ ಹೋಗಿ ರೋಗಿಗಳ ವೀಲ್‌ಚೇರು ತಳ್ಳುವ ವಾಲಂಟಿಯರ್ ಕೆಲಸ ಮಾಡಿಬಂದವಳು, ಒಂದು ದಿನ ಊಟಕ್ಕೆ ಕೂತಾಗ ‘ಅಪ್ಪ, ನಾನು ಡಾಕ್ಟರ್ ಆಗ್ತೀನಿ’ ಅಂದಳು. ಅಷ್ಟನ್ನು ಪೂರ್ತಿ ಕನ್ನಡದಲ್ಲೇ ಅಂದಳು ಅನ್ನೋದಕ್ಕೇ ಯೋಗಾನಂದ ಅರ್ಧ ಕರಗಿಹೋದ.

ನಮ್ಮ ಕಡೆ ಹೇಗೆ? ಪಿಯುಸಿ ಮುಗೀತು, ಸೀಟು ಸಿಕ್ತು, ಎಂಬಿಬಿಎಸ್ ಸೇರಿದರು. ಇಲ್ಲೂ ಹಾಗೇ ಅಂದುಕೊಂಡು ಸ್ಕೂಲಿನ ಕೌನ್ಸೆಲರ್ ಹತ್ತಿರ ಹೋದರೆ ಆಯಮ್ಮ ಬೇರೆಯದೇ ಕಥೆ ಹೇಳಿದಳು. ಇಲ್ಲಿ ಮೊದಲು ನಾಲ್ಕು ವರ್ಷ ಯಾವುದಾದರೂ ಡಿಗ್ರಿ ಓದಬೇಕು, ಡಾಕ್ಟರಾಗುವ ಮಕ್ಕಳು ಅದನ್ನು ಪ್ರೀಮೆಡ್ ಅಂತಾರೆ. ಆಮೇಲೆ ಮತ್ತೆ ನಾಲ್ಕು ವರ್ಷ ಮೆಡಿಕಲ್ ಕಾಲೇಜು. ದೊಡ್ಡ ಖರ್ಚು ಬರೋದು ಆ ಎರಡನೇ ಸಲಕ್ಕೆ, ಆದ್ದರಿಂದ ಮೊದಲನೇ ಸಲಕ್ಕೇ ಕೈ ಬರಿದು ಮಾಡಿಕೊಳ್ಳಬೇಡಿ. ಕಾಲೇಜಿನ ಹೆಸರಿಗಿಂತ ಮಾರ್ಕ್ಸು ಮುಖ್ಯ. ಹತ್ತಿರದ್ದು, ದೂರದ್ದು, ಸರ್ಕಾರದ್ದು, ಸ್ಕಾಲರ್‌ಷಿಪ್ ಕೊಡೋದು, ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಿ.

‘ಪಟ್ಟಿ ನಾನು ಮಾಡ್ತೀನಿ’ ಅಂದ ಯೋಗಾನಂದ. ಅವನ ಕಿವಿಗೆ ‘ಖರ್ಚು’ ಅನ್ನುವ ಮಾತು ಬಿದ್ದಿತ್ತು, ‘ದೂರದ್ದು’ ಅನ್ನುವ ಮಾತು ಬೀಳಲಿಲ್ಲ. ಬಿದ್ದಿದ್ದರೂ ಅವನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಬಿಡಿ.

ಇನ್ನು ಆ ಪಟ್ಟಿ ಮಾಡಿದ ಚಂದ ಕೇಳಬೇಕು. ಶನಿವಾರ ಬೆಳಿಗ್ಗೆ ವಾಣಿಶ್ರೀ ಕೈಯಲ್ಲಿ ಮೊಸರನ್ನ ಕಲಸಿಸಿ, ಸ್ಟೀಲ್ ಡಬ್ಬಿಗೆ ತುಂಬಿಸಿಕೊಂಡು ಕಾರು ಹತ್ತುತ್ತಿದ್ದ. ಯಾವುದೋ ಒಂದು ಕಾಲೇಜಿಗೆ ಹೋಗಿ, ಅಲ್ಲಿನ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಡಬ್ಬಿ ತೆಗೆಯುತ್ತಿದ್ದ. ಮೊಸರನ್ನ ಮನೆಯಲ್ಲಿ ಕಲಸಿದಾಗ ಇದ್ದ ಹಾಗೇ ಇದ್ದರೆ ಕಾಲೇಜು ಪಾಸು. ಬಾಯಿಗಿಟ್ಟಾಗ ಹುಳಿ ಹತ್ತಿದರೆ ಫೇಲು. ಬರ್ಕ್‌ಲಿ ಪಾಸಾಯಿತು, ಹೇವರ್ಡ್, ಸ್ಯಾನ್ ಹೋಸೆ ಲೀಲಾಜಾಲವಾಗಿ ಪಾಸಾದವು. ಡೇವಿಸ್‌ಗೆ ಹೋದ ದಿನ ಫ್ರೀವೇ ಮೇಲೆ ಟ್ರಾಫಿಕ್ಕು ನಿಂತು, ಬಿಸಿಲು ಬೇರೆ ಚುರುಕಾಗಿದ್ದು, ಡಬ್ಬಿ ತೆಗೆದರೆ ಘಮ್ಮಂತ ಹುಳಿ. ಪಾಪ, ಅಷ್ಟು ಒಳ್ಳೇ ಯೂನಿವರ್ಸಿಟಿ ಅದೊಂದು ಕಾರಣಕ್ಕೆ ಪಟ್ಟಿಯಿಂದ ಬಿದ್ದುಹೋಯಿತು. ಪಾಲೋ ಆಲ್ಟೋದ ದೊಡ್ಡ ಯೂನಿವರ್ಸಿಟಿಯಂತೂ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಮೊಸರನ್ನ ಅಲ್ಲಿ ತಣ್ಣಗೇ ಇತ್ತು, ಫೀಸು ಕೇಳಿ ಯೋಗಾನಂದನೇ ಬಿಸಿಯಾಗಿ ವಾಪಸು ಬಂದ.

ವಿಷಯ ಇಷ್ಟೇ. ಮಗಳು ಸಂಜೆ ಊಟಕ್ಕೆ ಮನೆಗೆ ಬರಬೇಕು. ಅವಳು ಅಡುಗೆಮನೆ ಕಟ್ಟೆ ಹತ್ತಿ ಕೂತು, ಕಾಲು ಆಡಿಸುತ್ತಾ, ಅಪ್ಪನ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುತ್ತಾ ಇರಬೇಕು. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳೋಕೂ ಅವನಿಂದ ಆಗುತ್ತಿರಲಿಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳೋದು ಹೇಗೆ? ಕನ್ನಡ ಕೂಟದಲ್ಲಿ ಒಬ್ಬೊಬ್ಬರೂ ‘ನಮ್ಮವನು ಬಾಸ್ಟನ್ನು, ನಮ್ಮವಳು ಷಿಕಾಗೋ’ ಅಂತ ಎದೆ ಉಬ್ಬಿಸುತ್ತಿರುವಾಗ, ‘ನನ್ನ ಮಗಳನ್ನು ಬಿಟ್ಟಿರೋಕೆ ನನಗಾಗಲ್ಲ’ ಅಂದರೆ ನಗುವುದಿಲ್ಲವೇ? ಹಾಗಾಗಿ ಅವನು ದೂರದ ಕಾಲೇಜುಗಳ ಮೇಲೆಲ್ಲ ಖರ್ಚಿನ ತಪ್ಪು ಹೊರಿಸಿದ.

ನಿಸರ್ಗಾ ಸುಮ್ಮನೆ ಒಪ್ಪುವ ಪೈಕಿ ಅಲ್ಲ. ‘ಅಪ್ಪ, ಸ್ಯಾನ್ ಡಿಯಾಗೋ, ಬರ್ಕ್‌ಲಿ ಎರಡಕ್ಕೂ ಸೇಮ್ ಫೀಸ್. ಎರಡೂ ಒಂದೇ ಸ್ಟೇಟ್ ಯೂನಿವರ್ಸಿಟಿ ಸಿಸ್ಟಮ್’ ಅಂದಳು.

‘ಬಾಡಿಗೆ?’ ಅಂದ ಯೋಗಾನಂದ.

‘ಬರ್ಕ್‌ಲಿಲೇ ಜಾಸ್ತಿ.’

‘ನೀನು ಬರ್ಕ್‌ಲಿಗೆ ಮನೆಯಿಂದ ಹೋಗಿಬರ್ತೀಯಲ್ಲ. ಸ್ಯಾನ್ ಡಿಯಾಗೋಗೆ ಹೋಗಿಬರೋಕಾಗುತ್ತಾ?’

ಅವಳು ತುಟಿ ಕಚ್ಚಿಕೊಂಡು ಎದ್ದುಹೋದಳು. ಎರಡು ವಾರ ಬಿಟ್ಟು ಒಂದು ದಿನ ಸ್ಕೂಲಿನಿಂದ ಬಂದವಳ ಮುಖ ಊರಗಲ. ಮಿಡ್‌ವೆಸ್ಟಿನ ವಿಮಾನ ಹತ್ತಿಯೇ ಹೋಗಬೇಕಾದ ಒಂದು ಸರ್ಕಾರಿ ಯೂನಿವರ್ಸಿಟಿ, ಅವಳು ಪರೀಕ್ಷೆಯಲ್ಲಿ ತೆಗೆದ ಮಾರ್ಕಿಗೆ ಫೀಸೂ ಬೇಡ, ಹಾಸ್ಟೆಲ್ಲಿನ ಬಾಡಿಗೆಯೂ ಬೇಡ ಅನ್ನುತ್ತದಂತೆ. ಕ್ಯಾಂಪಸ್ಸಿನೊಳಗೇ ದೊಡ್ಡ ಆಸ್ಪತ್ರೆ ಇದೆಯಂತೆ, ಮೊದಲನೇ ವರ್ಷದಿಂದಲೇ ಅಲ್ಲಿ ಕೆಲಸ ಕಲಿಯಬಹುದಂತೆ. ಅರ್ಜಿ ಮಾತ್ರ ನವೆಂಬರ್ ಮಧ್ಯದೊಳಗೆ ಹೋಗಬೇಕು. ಕೌನ್ಸೆಲರೇ ಕೂರಿಸಿಕೊಂಡು ಹೇಳಿದಳಂತೆ.

ಖರ್ಚು ಅನ್ನುವ ಒಂದೇ ಕೋಲು ಹಿಡಿದು ಯೋಗಾನಂದ ಇಷ್ಟು ದಿನ ಎಲ್ಲವನ್ನೂ ಓಡಿಸಿದ್ದ. ಈಗ ಖರ್ಚೇ ಇಲ್ಲದ ಕಾಲೇಜು ಬಾಗಿಲಿಗೆ ಬಂದು ನಿಂತರೆ ಏನು ಮಾಡೋದು? ತಡಬಡಾಯಿಸಿ, ಬಾಯಿಗೆ ಬಂದಿದ್ದು ಹೇಳಿಬಿಟ್ಟ.

‘ಪುಟ್ಟಿ, ನಿನಗೆ ಹೇಳಬಾರದು ಅಂತಿದ್ದೆ. ನಮ್ಮ ಪರಿಸ್ಥಿತಿ ಚೆನ್ನಾಗಿಲ್ಲ ಕಣಮ್ಮ.’

ಅದು ತೊಂಬತ್ತೊಂಬತ್ತನೇ ಇಸವಿಯ ಅಕ್ಟೋಬರ್. ಯೋಗಾನಂದ ರೆಡ್‌ವುಡ್ ಸಿಟಿಯ ಒಂದು ಕಂಪನಿಯಲ್ಲಿ, ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳು ತಾರೀಖು ಗೊತ್ತಾಗದೆ ಕೆಡದಿರಲಿ ಅಂತ ಹಳೇ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದ. ಅದನ್ನೇ ಹಿಡಿದುಕೊಂಡ. ಜನವರಿ ಬಂತು ಅಂದರೆ ನನ್ನ ಕೆಲಸ ಮುಗೀತು, ಕಂಪನಿ ಮನೆಗೆ ಕಳಿಸುತ್ತೆ ಅಂದ. ಕೂಡಿಟ್ಟಿದ್ದೆಲ್ಲ ಯಾವುದೋ ಸ್ಟಾಕಿಗೆ ಹಾಕಿ ಕಳಕೊಂಡೆ ಅಂದ. ವಿಮಾನದ ಟಿಕೆಟ್ಟಿಗೂ ಯೋಚನೆ ಮಾಡಬೇಕು ಅಂದ. ಅಲ್ಲಾ ಸ್ವಾಮಿ, ಊರಿಗೆ ಊರೇ ಡಾಟ್‌ಕಾಮ್ ಕಂಪನಿಗಳ ಷೇರಿನಲ್ಲಿ ತೇಲುತ್ತಿದ್ದಾಗ, ಸ್ಟಾಕು ಅಂದರೆ ಜೂಜು ಅಂತ ಮೂಗು ಮುರಿದು ಪ್ರತಿಯೊಂದು ಕಾಸನ್ನೂ ಬ್ಯಾಂಕಿನಲ್ಲಿಟ್ಟ ಮನುಷ್ಯ ಇವನು. ಜನವರಿಯ ನಂತರದ ಕೆಲಸವನ್ನೂ ಮ್ಯಾನೇಜರು ಆಗಲೇ ಒಪ್ಪಿಸಿಯಾಗಿತ್ತು.

ನಿಸರ್ಗಾ ವಾದ ಮಾಡಲಿಲ್ಲ. ‘ಓಕೆ ಅಪ್ಪ. ಡೋಂಟ್ ವರಿ’ ಅಂದು, ಅವನ ಬೆನ್ನು ತಟ್ಟಿ ಒಳಗೆ ಹೋದಳು.

ಅವತ್ತೇ ವಾಣಿಶ್ರೀ ಅವನನ್ನು ತರಾಟೆಗೆ ತೆಗೆದುಕೊಂಡಳು. ಮೆನ್ಲೋ ಪಾರ್ಕಿನ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳದು. ಸುಳ್ಳು ಹೇಳುವ ಮಕ್ಕಳ ಮುಖ ಹೇಗಿರುತ್ತೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

‘ರೀ, ಬ್ಯಾಂಕಲ್ಲಿ ದುಡ್ಡು ಕೊಳೀತಾ ಬಿದ್ದಿದೆ. ಆ ಮಗೂಗೆ ಯಾಕ್ರೀ ಹಂಗೆ ಹೆದರಿಸಿದ್ರಿ?’

‘ಮೆತ್ತಗೆ ಮಾತಾಡೇ. ಅರ್ಜಿ ಹಾಕೋ ಕಾಲ ಮುಗೀಲಿ, ನಾನೇ ನಿಜ ಹೇಳ್ತೀನಿ.’

‘ನೀವು ಹೇಳದಿದ್ರೆ ನಾನು ಹೇಳ್ತೀನಿ, ನೆನಪಿರಲಿ.’

‘ಅಲ್ಲೀತನಕ ಬಿಟ್ಟುಬಿಡು ಮಾರಾಯ್ತಿ’ ಅಂತ ಕೈ ಮುಗಿದ. ಅವಳು ಬಿಟ್ಟಳು. ಅವಳಿಗೂ ಮಗಳು ಹತ್ತಿರ ಇರಲಿ ಅಂತ ಒಳಗೊಳಗೇ ಇತ್ತು ಅನ್ನೋದನ್ನು ಅವಳೂ ಹೇಳಲಿಲ್ಲ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಭಾನುವಾರದ ಹೋಟೆಲ್ ದೋಸೆ ನಿಂತಿತು. ಕೇಬಲ್ ಟಿವಿ ಹೋಯಿತು. ಕ್ರಿಕೆಟ್ ಇಲ್ಲದೆ ಯೋಗಾನಂದ ಒದ್ದಾಡಿದ, ಆದರೂ ಅವನಿಗೆ ಒಳಗೆ ಖುಷಿಯೇ. ಮಗಳು ಮತ್ತೆ ಮಿಡ್‌ವೆಸ್ಟಿನ ಸುದ್ದಿ ಎತ್ತಲಿಲ್ಲ. ಪಟ್ಟಿ ಕೇಳಲಿಲ್ಲ. ಶನಿವಾರ, ಭಾನುವಾರ, ಸ್ಕೂಲಿಗೆ ರಜೆ ಇದ್ದ ದಿನ ಗ್ರೋಸರಿ ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸಕ್ಕೆ ಸೇರಿಕೊಂಡಳು. ಜವಾಬ್ದಾರಿ ಬಂತು ಮಗೂಗೆ ಅಂದುಕೊಂಡ ಮಹಾರಾಯ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೋಗುವಾಗ ಎಲ್ಲ ಬಯಲಾಯಿತು. ಮೈಸೂರಿನ ರಹೀಮ್, ಅದೇ ಅಪಾರ್ಟ್‌ಮೆಂಟಿನವನು, ಅವನ ಆಫೀಸೂ ರೆಡ್‌ವುಡ್ ಸಿಟಿಯಲ್ಲೇ. ದಿನಾ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ರಹೀಮನ ಮಗಳು ರಮ್ಶಾ ನಿಸರ್ಗಾಳ ಜೀವದ ಗೆಳತಿ. ಬಾಯಿ ಬಿಟ್ಟರೆ ಮುಚ್ಚದ ರಹೀಮ್ ಅವತ್ತು ಪಾಲೋ ಆಲ್ಟೋ ದಾಟುವ ತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ರಸ್ತೆ ನೋಡುತ್ತಲೇ ಶುರುಮಾಡಿದ.

‘ಯೋಗಣ್ಣ, ತಪ್ಪು ತಿಳ್ಕೋಬೇಡಿ. ನಾವೇನು ಬೇರೆಯವರಲ್ಲ. ಕೈ ಬಿಗಿಯಾಗಿದ್ರೆ ನನ್ನನ್ನ ಕೇಳೋಕೆ ಸಂಕೋಚ ಯಾಕೆ?’

‘ಏನು ಕೈ ಬಿಗಿ?’

‘ರಮ್ಶಾ ಹೇಳಿದ್ಲು. ನಿಸರ್ಗಾ ಡಾಕ್ಟರ್ ಓದೋದು ಬಿಟ್ಬಿಟ್ಟಳಂತೆ. ಎಂಟು ವರ್ಷ ಓದ್ತಾ ಕೂತ್ರೆ ಅಪ್ಪನ್ನ ಯಾರು ನೋಡ್ಕೋತಾರೆ ಅಂದಳಂತೆ. ಬೇರೆ ಯಾವ ಕಾಲೇಜಿಗೂ ಅರ್ಜಿ ಹಾಕಿಲ್ವಂತೆ. ಇಲ್ಲೇ ಕಮ್ಯುನಿಟಿ ಕಾಲೇಜಲ್ಲಿ, ಲ್ಯಾಬಲ್ಲಿ ರಕ್ತ ತೆಗೆಯೋದನ್ನ ಕಲಿಸ್ತಾರಲ್ಲ, ಅದಕ್ಕೆ ಹೋಗ್ತಾಳಂತೆ. ಬೇಗ ಸಂಬಳ ಬರುತ್ತೆ ಅಂತ. ನಮ್ಮ ಮನೇಲಿ ಎಲ್ಲರೂ ಅತ್ತುಬಿಟ್ರು ಯೋಗಣ್ಣ.’

ಯೋಗಾನಂದ ಮಗಳನ್ನು ಮನೆಯಲ್ಲಿ ಇರಿಸಿಕೊಳ್ಳೋಕೆ ಹೋಗಿ, ಅವಳು ಬೇಕು ಅಂತ ಕೇಳಿದ್ದ ಒಂದೇ ಒಂದನ್ನು ಅವಳ ಕೈಯಿಂದಲೇ ಬಿಡಿಸಿಬಿಟ್ಟಿದ್ದ. ಅವಳು ಜಗಳ ಆಡಿದ್ದರೂ ಆಗುತ್ತಿತ್ತು, ಬಾಗಿಲು ಧಡಾರಂತ ಹಾಕಿಕೊಂಡಿದ್ದರೂ ಆಗುತ್ತಿತ್ತು. ಅವಳು ಬೆನ್ನು ತಟ್ಟಿದ್ದಳು. ಅದು ನೆನಪಾಗಿ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

‘ರಹೀಮ್, ಮುಂದಿನ ಎಕ್ಸಿಟ್ಟಲ್ಲಿ ಕಾರು ತಿರುಗಿಸು. ಮನೆಗೆ ಹೋಗಬೇಕು.’

‘ಮೀಟಿಂಗಿದೆ ಅಂದ್ರಲ್ಲ?’

‘ಹಾಳಾಗಿ ಹೋಗಲಿ ಮೀಟಿಂಗು.’

ರಹೀಮ್ ತಿರುಗಿಸಿದ. ದಾರಿಯಲ್ಲಿ ಯೋಗಾನಂದ ಅವನಿಗೆ ನಿಜ ಹೇಳಿದ. ರಹೀಮ್ ಸ್ವಲ್ಪ ಹೊತ್ತು ಬಯ್ಯಬೇಕೋ ಬೇಡವೋ ಅಂತ ಯೋಚಿಸಿ, ಕೊನೆಗೆ ಚೆನ್ನಾಗಿ ಬೈದ.

ಸ್ಕೂಲಿಗೆ ರಜೆ ಇತ್ತು. ನಿಸರ್ಗಾ ಅಂಗಡಿಯ ಹಸಿರು ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು. ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತಿದ್ದು ನೋಡಿ ಅವಳ ಮುಖ ಬಿಳಿಚಿತು. ‘ಆಗಲೇ ಕೆಲಸದಿಂದ ತೆಗೆದ್ರಾ?’ ಅಂದಳು.

‘ಇಲ್ಲ ಪುಟ್ಟಿ. ಕೂತ್ಕೋ.’

ಅವಳು ಕೂರಲಿಲ್ಲ. ಅವನು ನಿಂತುಕೊಂಡೇ ಹೇಳಿದ. ‘ನನ್ನ ಕೆಲಸಕ್ಕೇನೂ ಆಗಲ್ಲ. ದುಡ್ಡೂ ಹೋಗಿಲ್ಲ, ಎಲ್ಲ ಬ್ಯಾಂಕಲ್ಲಿದೆ. ನೀನು ದೂರ ಹೋಗ್ತೀಯಲ್ಲ ಅಂತ ಹೆದರಿಕೆ ಆಯ್ತು. ನೀನಿಲ್ಲದೆ ಈ ಮನೇಲಿ ಹೇಗಿರೋದು ಅಂತ ನನಗೆ ಗೊತ್ತಾಗಲಿಲ್ಲ. ಅದನ್ನ ಹೇಳೋ ಬದಲು ಸುಳ್ಳು ಹೇಳಿದೆ.’

ನಿಸರ್ಗಾ ಅವನನ್ನೇ ನೋಡಿದಳು. ಕೋಪಕ್ಕೆ ಅವಳ ಕನ್ನಡ ಎಲ್ಲಿಂದಲೋ ಬಂದುಬಿಟ್ಟಿತು. ‘ಬೇರೆ ಯಾರಾದ್ರೂ ಹೇಳಿದ್ರೆ ನಾನು ಚೆಕ್ ಮಾಡ್ತಿದ್ದೆ. ನೀನು ಹೇಳಿದೆ ಅಂತ ನಂಬಿದೆ. ದಿನಾ ರಾತ್ರಿ ನಿನಗೇನಾಗುತ್ತೋ ಅಂತ ಅಳ್ತಿದ್ದೆ ಅಪ್ಪ.’

‘ತಪ್ಪಾಯ್ತು.’

‘ಹೋಗಬೇಡ ಅಂತ ಒಂದು ಸಲ ಕೇಳಬಹುದಿತ್ತಲ್ಲ?’

‘ಕೇಳಿದ್ರೆ ಇರ್ತಿದ್ದೆಯಾ?’

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ‘ಇಲ್ಲ’ ಅಂದಳು. ‘ಹೋಗ್ತಿದ್ದೆ. ಬಟ್, ನೀನು ಕೇಳಿದ್ದೆ ಅಂತ ಗೊತ್ತಿರ್ತಿತ್ತು.’

ಯೋಗಾನಂದ ಬಂದು ಸೋಫಾದ ತುದಿಗೆ ಕೂತ. ‘ಆ ಫೀಸಿಲ್ಲದ ಕಾಲೇಜಿಗೆ ಅರ್ಜಿ ಹಾಕೋಕೆ ಇನ್ನೂ ಟೈಮಿದೆಯಾ?’ ಅಂತ ಕೇಳಿದ. ಸೋಮವಾರದ ತನಕ ಇದೆ ಅಂದಳು. ‘ಹಾಗಾದ್ರೆ ಹಾಕು. ಅಲ್ಲಿ ಫೀಸಿಲ್ಲ ಅಂದ್ರೆ, ಕೂಡಿಟ್ಟಿದ್ದೆಲ್ಲ ನಿನ್ನ ಮೆಡಿಕಲ್ ಕಾಲೇಜಿಗಾಯ್ತು. ಸ್ಯಾನ್ ಡಿಯಾಗೋ, ಡೇವಿಸ್ಸೂ ಇರಲಿ ಪಟ್ಟೀಲಿ. ಇವೆರಡರಲ್ಲಿ ಎಲ್ಲಾದರೂ ಸಿಕ್ಕಿದ್ರೆ…’

‘ಮಿಡ್‌ವೆಸ್ಟ್ ಸಿಕ್ರೆ ಅಲ್ಲಿಗೇ ಹೋಗ್ತೀನಿ’ ಅಂದಳು ನಿಸರ್ಗಾ. ಈ ಸಲ ಅವಳು ಯೋಚಿಸಲಿಲ್ಲ. ಒಂದು ಚೂರು ಯೋಚಿಸಬಹುದೇನೋ ಅಂತ ಯೋಗಾನಂದ ಕಾದಿದ್ದ, ನಾಚಿಕೆ ಬಿಟ್ಟು ಕಾದಿದ್ದ.

ಅವಳು ಏಪ್ರನ್ ಬಿಚ್ಚಿಟ್ಟು, ಅಂಗಡಿಗೆ ಫೋನು ಮಾಡಿ ಇವತ್ತು ಬರಲ್ಲ ಅಂದಳು. ಒಳಗಿನಿಂದ ಅರ್ಜಿ ತಂದು ಊಟದ ಮೇಜಿನ ಮೇಲೆ ಹರಡಿದಳು. ಕಂಬನಿ ಒರೆಸಿಕೊಂಡೇ ಬರೆಯೋಕೆ ಶುರುಮಾಡಿದಳು. ಯೋಗಾನಂದ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಅವಳು ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟ, ಕಂಪನಿಯ ಹೆಸರು, ಸಂಬಳ, ಎಲ್ಲ.

ಸ್ವಲ್ಪ ಹೊತ್ತಾದ ಮೇಲೆ, ‘ಅಲ್ಲಿ ನವೆಂಬರಿಗೇ ಮಂಡಿ ಮಟ್ಟ ಹಿಮ ಬೀಳುತ್ತಂತೆ’ ಅಂದ.

ನಿಸರ್ಗಾ ಪೆನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಳು.

‘ಏನಿಲ್ಲಪ್ಪ’ ಅಂದ ಯೋಗಾನಂದ ಗಾಬರಿಯಿಂದ. ‘ನಿನ್ನ ಕಾಲಿನ ಅಳತೆ ಎಷ್ಟು? ಬೂಟು ತರಬೇಕಲ್ಲ, ಅದಕ್ಕೆ ಕೇಳ್ದೆ.’