ಹಿಂದಿನ ಸೀಟಿನಲ್ಲಿ ಕೂತು ಕೇಳಿದವರು

ಕಾರು ಕೊಳ್ಳುವವರ ಮನಸ್ಸನ್ನು ಬಲ್ಲೆವೆಂದು ಹೆಸರು ಮಾಡಿದವರಲ್ಲಿ ಎರಡು ಬಗೆ. ಕೊಳ್ಳುವ ಮುಂಚೆ ಗಿರಾಕಿ ಏನು ಬಯಸುತ್ತಾನೆಂದು ತಿಳಿದವರು ಮೊದಲ ಬಗೆ. ಅವರಿಗೆ ಗಾಜಿನ ಕೋಣೆ, ಬಡ್ತಿ, ವೇದಿಕೆ ಎಲ್ಲವೂ ಸಿಗುತ್ತವೆ. ಕೊಂಡ ಮೇಲೆ ಅವನು ಏಕೆ ಗೊಣಗುತ್ತಾನೆಂದು ತಿಳಿದವರು ಎರಡನೆಯ ಬಗೆ. ಅವರಿಗೆ ನೆಲಮಹಡಿಯಲ್ಲಿ, ಬಿಡಿಭಾಗಗಳ ಗೋದಾಮಿನ ಪಕ್ಕದಲ್ಲಿ, ಟೈರಿನ ವಾಸನೆಯ ನಡುವೆ ಒಂದು ಮೇಜು ಸಿಗುತ್ತದೆ. ಈ ತಿಂಗಳು ನಿವೃತ್ತರಾಗುತ್ತಿರುವ, ನಮ್ಮ ಕಾರು ಕಂಪನಿಯ ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರೂ ಕಚೇರಿಯವರೆಲ್ಲರ ಪ್ರೀತಿಯ ‘ಮಾವನವರೂ’ ಆದ ಹಿರಿಯರು ಈ ಎರಡನೆಯ ಬಗೆಯವರಲ್ಲಿ ಮೊದಲಿಗರು. ಅವರಿಗೊಂದು ಅಭಿನಂದನ ಗ್ರಂಥ ಅರ್ಪಿಸಬೇಕೆಂದಿದ್ದೇವೆ ಎಂದು ಸಂಪಾದಕರು ಹೋಗಿ ತಿಳಿಸಿದಾಗ ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಂದವರ ಮುಖಗಳನ್ನು ಒಂದೊಂದಾಗಿ ನೋಡಿ ಕೇಳಿದ್ದು ಇಷ್ಟೇ: “ಇದರಿಂದ ಯಾರಿಗೆ ಏನಾಗ್ಬೇಕಾಗಿದೆ?”

ಆ ಪ್ರಶ್ನೆಯನ್ನು ಅವರು ಗಿರಾಕಿಗಳಿಂದ ಕಲಿತರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪನಿಗೆ ಒಬ್ಬರೇ ಯಜಮಾನರು, ಕಾರಿನದು ಒಂದೇ ಮಾದರಿ. ಮುಂದೆ ಮಾರುಕಟ್ಟೆ ತೆರೆದುಕೊಂಡು, ಹೊರಗಿನ ಕಾರುಗಳು ಬೀದಿ ತುಂಬಿ, ಕಂಪನಿ ತನಗಿಂತ ದೊಡ್ಡದೊಂದರ ಹೊಟ್ಟೆಯೊಳಗೆ ವಿಲೀನವಾಯಿತು. ಬಾನೆಟ್ಟಿನ ಮೇಲಿನ ಲಾಂಛನ ಬದಲಾಗಿದೆಯೇ ವಿನಾ ಕಾರು ಅದೇ ಎಂದು ಜಾಹೀರಾತು ಸಾರಿತು. ಗಿರಾಕಿಗಳು ನಂಬಲಿಲ್ಲ. ಒಬ್ಬ ಟೈಲರ್ ಹೊಸ ಕಾರನ್ನು ತಂದು ನಿಲ್ಲಿಸಿ, ಬಾಗಿಲು ಹಾಕಿದರೆ ಡಬ್ಬದ ಸದ್ದು ಬರುತ್ತಿದೆ, ತಗಡು ತೆಳುವಾಗಿದೆ ಎಂದು ಪಟ್ಟು ಹಿಡಿದ. ಎಂಜಿನಿಯರುಗಳು ತಗಡನ್ನು ಅಳೆದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮನುಷ್ಯನಿಗೆ ಭ್ರಮೆ ಎಂದು ಕೈ ತೊಳೆದುಕೊಂಡರು.

ಮಾವನವರು ಮಾತ್ರ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿ ಬಂದರು. ಅಂದು ಶುರುವಾದ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಎದುರು ಕೂತವನ ಮುಂದೆ ಮನುಷ್ಯ ಜಗಳ ಆಡುತ್ತಾನೆ, ಪಕ್ಕದಲ್ಲಿ ಕೂತವನ ಮುಂದೆ ಜಂಬ ಕೊಚ್ಚುತ್ತಾನೆ, ಹಿಂದೆ ಕೂತವನನ್ನು ಮರೆತು ರಸ್ತೆಯ ಜೊತೆ ನಿಜ ಮಾತಾಡುತ್ತಾನೆ ಎಂಬುದು ಅವರ ಅನುಭವ. ಸುತ್ತಿ ಬಂದವರು ತಗಡಿನ ಗೋಜಿಗೆ ಹೋಗದೆ ಬಾಗಿಲ ಅಂಚಿನ ರಬ್ಬರನ್ನು ಪರೀಕ್ಷೆ ಮಾಡಿಸಿದರು. ಹೊಸ ಯಜಮಾನರು ಅದನ್ನು ಸದ್ದಿಲ್ಲದೆ ಅಗ್ಗದ ರಬ್ಬರಿಗೆ ಬದಲಾಯಿಸಿದ್ದರು. ಸದ್ದು ಮಾತ್ರ ಸುಮ್ಮನಿರಲಿಲ್ಲ. ಗಿರಾಕಿಯ ಅನುಮಾನ ತಪ್ಪು ಮನೆಯ ಬಾಗಿಲು ತಟ್ಟಿರಬಹುದು, ಆದರೆ ಅವನು ಬಂದ ಬೀದಿ ಸರಿಯಾದದ್ದೇ ಎಂದು ಅವರು ಅಂದು ಹೇಳಿದ ಮಾತು ವಿಭಾಗದಲ್ಲಿ ಗಾದೆಯಾಗಿ ಉಳಿಯಿತು.

ಎರಡನೆಯ ವಿಲೀನ ಮೂರು ವರ್ಷದ ಹಿಂದಿನದು. ಈ ಸಲ ಬಂದದ್ದು ಸಾಫ್ಟ್‌ವೇರ್ ಕಂಪನಿ. ಅಲ್ಲಿಂದ ಬಂದವರನ್ನು ಕ್ಯಾಂಟೀನಿನಲ್ಲಿ ‘ಸೊಸೆಯರು’ ಎಂದು ಕರೆಯತೊಡಗಿದರು, ಗಂಡಸರನ್ನೂ ಸೇರಿಸಿ. ಸೊಸೆಯರಿದ್ದ ಮೇಲೆ ಮಾವ ಬೇಡವೇ? ಹಾಗೆ ದೂರು ವಿಭಾಗದ ಮುಖ್ಯಸ್ಥರಿಗೆ ಈ ಹೆಸರು ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಮಾವನಿಗೆ ಯಾವ ಕಾಲವೂ ಇಲ್ಲ ಎಂದು ಅವರೇ ನಗುತ್ತಿದ್ದರು.

ಅವರ ವಿಭಾಗಕ್ಕೆ ಬಂದ ಸೊಸೆ ನಿಜಕ್ಕೂ ಹೆಣ್ಣುಮಗಳು. ಆ ಕಡೆಯ ಕಂಪನಿಯಲ್ಲಿ ಆಕೆಯೂ ದೂರು ವಿಭಾಗವನ್ನೇ ನೋಡಿಕೊಳ್ಳುತ್ತಿದ್ದಳು. ಎರಡು ವಿಭಾಗ ಒಂದಾದಾಗ ಮುಖ್ಯಸ್ಥರ ಕುರ್ಚಿ ಒಂದೇ ಉಳಿಯುತ್ತದೆಂಬುದು ಬಂದ ದಿನವೇ ಆಕೆಗೆ ಗೊತ್ತಿತ್ತು. ಊಟದ ಹೊತ್ತಿಗೆ ಎಲ್ಲರೂ ಗುಂಪಾಗಿ ಎದ್ದುಹೋದರೆ ಆಕೆ ಒಬ್ಬಳೇ ಕಂಪ್ಯೂಟರಿನ ಮುಂದೆ ಡಬ್ಬಿ ಬಿಚ್ಚುತ್ತಿದ್ದಳು. ಮೂರನೆಯ ದಿನ ಮಾವನವರು ತಮ್ಮ ಡಬ್ಬಿ ಹಿಡಿದು ಬಂದು ಎದುರು ಕೂತರು. ಮನೆಯಲ್ಲಿ ಯಾರಿದ್ದಾರೆ, ಅಪ್ಪ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಅಪ್ಪ ಟ್ಯಾಕ್ಸಿ ಓಡಿಸುತ್ತಾರೆ, ಇದೇ ಕಂಪನಿಯ ಕಾರು, ಕೆಟ್ಟರೆ ಬೀದಿ ಮೂಲೆಯ ಮೆಕ್ಯಾನಿಕ್‌ ಕೈಗೇ ಕೊಡುತ್ತಾರೆ ಎಂದು ಆಕೆ ಅಳೆದೂ ಸುರಿದೂ ಉತ್ತರ ಕೊಟ್ಟಳು. ಅದನ್ನು ಆಕೆ ಅಕ್ಕರೆ ಎಂದುಕೊಳ್ಳಲಿಲ್ಲ, ವಿಚಾರಣೆ ಎಂದುಕೊಂಡಳು. ಮರುದಿನವೂ ಅವರು ಬಂದರು. ಅದರ ಮರುದಿನವೂ. ಇಷ್ಟೊಂದು ವಿಚಾರಿಸಿ ಯಾರಿಗೆ ವರದಿ ಒಪ್ಪಿಸುತ್ತಾರೋ ಎಂದು ಆಕೆ ಊಟವನ್ನೇ ಅರ್ಧಕ್ಕೆ ಬಿಡತೊಡಗಿದಳು.

ಆ ವೇಳೆಗೆ ಕಂಪನಿ ಒಂದು ಘೋಷಣೆ ಹೊರಡಿಸಿತು: ರಸ್ತೆಯಲ್ಲಿರುವ ಎಲ್ಲ ಕಾರುಗಳಿಗೂ ಹೊಸ ಸಾಫ್ಟ್‌ವೇರನ್ನು ಪುಕ್ಕಟೆಯಾಗಿ ಹಾಕಿಕೊಡಲಾಗುವುದು. ‘ಪುಕ್ಕಟೆ’ ಎಂಬ ಪದ ಓದಿದ್ದೇ ತಡ, ಗಿರಾಕಿಗಳು ಕಾರಿನ ಕೀಲಿಯನ್ನು ಜೇಬಿನ ಆಳಕ್ಕೆ ತಳ್ಳಿಕೊಂಡರು. ಕಾರು ನಮ್ಮ ಮಾತು ಕದ್ದು ಕೇಳುತ್ತದಂತೆ ಎಂಬ ಸುದ್ದಿ ಹಬ್ಬಿತು. ದಂತವೈದ್ಯರೊಬ್ಬರು ಕನ್ನಡಿಯ ಬಳಿ ಮೈಕಿಗೆಂದು ಬಿಟ್ಟ ಸಣ್ಣ ತೂತುಗಳ ಮೇಲೆ ಗಾಯದ ಪಟ್ಟಿ ಅಂಟಿಸಿದರು. ಗಂಡ ಹೆಂಡತಿ ಇಬ್ಬರು ಕಾರನ್ನು ಬದಿಗೆ ನಿಲ್ಲಿಸಿ, ಇಳಿದು, ಫುಟ್‌ಪಾತಿನ ಮೇಲೆ ನಿಂತು ಜಗಳವಾಡಿ, ಮತ್ತೆ ಹತ್ತಿ ಹೋದದ್ದನ್ನು ಮಾವನವರು ಕಣ್ಣಾರೆ ಕಂಡರು. ಆ ಕಾರಿನ ಹಿಂದಿನ ಸೀಟಿನಲ್ಲಿ ಅವರೇ ಇದ್ದರು.

ಕಾರು ಕದ್ದು ಕೇಳುತ್ತಿರಲಿಲ್ಲ. ಸೊಸೆಗೆ ಅದು ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಮಾತ್ರ ಆಕೆ ಯಾರಿಗೂ ಹೇಳಿರಲಿಲ್ಲ. ಈ ಸಾಫ್ಟ್‌ವೇರ್ ಒಳಗೆ ಕೂತ ಮೇಲೆ, ದೋಷದ ದೀಪ ಹೊತ್ತಿಕೊಂಡರೆ ಅದನ್ನು ಆರಿಸಲು ಕಂಪನಿಯ ಗ್ಯಾರೇಜಿಗೆ ಮಾತ್ರ ಸಾಧ್ಯ. ಬೀದಿ ಮೂಲೆಯ ಮೆಕ್ಯಾನಿಕ್‌ ಕೈ ಕಟ್ಟಿದ ಹಾಗೆ.

ಗಿರಾಕಿಗಳ ಸಭೆ ಕರೆದು ಭರವಸೆ ಕೊಡಿಸುವುದೆಂದು ಆಡಳಿತದವರು ನಿರ್ಧರಿಸಿದರು. ಗಿರಾಕಿಗಳು ನಂಬುತ್ತಿದ್ದದ್ದು ಒಬ್ಬರನ್ನೇ. ಆ ಒಬ್ಬರನ್ನು ಒಪ್ಪಿಸಿ ವೇದಿಕೆ ಹತ್ತಿಸಿದರೆ ಕುರ್ಚಿ ನಿನಗೇ ಎಂದು ಸೊಸೆಗೆ ಗುಟ್ಟಾಗಿ ತಿಳಿಸಿದರು. ಆಕೆ ಹೋಗಿ ಕೇಳಿದಾಗ ಮಾವನವರು, ನಿನ್ನ ಕಾರಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದರು. ಹಿಂದೆ ಕೂತರು. ಹಿಂದೆ ಕೂತವರ ಪದ್ಧತಿ ಗೊತ್ತಿದ್ದ ಆಕೆ ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದೇ ಓಡಿಸಿದಳು. ಕನ್ನಡಿಯಲ್ಲಿ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ಇಳಿಯುವಾಗ, ಸಭೆಗೆ ಬರುತ್ತೇನೆ ಎಂದಷ್ಟೇ ಹೇಳಿದರು. ಗೆದ್ದೆನೋ ಸಿಕ್ಕಿಬಿದ್ದೆನೋ ಆಕೆಗೆ ತಿಳಿಯಲಿಲ್ಲ.

ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಕೀರಲು ದನಿಯ ಮೈಕು. ವೇದಿಕೆಯ ಮೇಲೆ ಆಡಳಿತದವರು, ಅವರ ಪಕ್ಕದಲ್ಲಿ ಸೊಸೆ. ಮಾವನವರ ಹೆಸರು ಕೂಗಿದಾಗ ಕೊನೆಯ ಸಾಲಿನಿಂದ ಕೈ ಎದ್ದಿತು. ಅವರು ವೇದಿಕೆಗೆ ಬರಲೇ ಇಲ್ಲ. ಮೈಕೇ ಅವರಲ್ಲಿಗೆ ಹೋಯಿತು. ಸಭೆಯೆಲ್ಲ ಹಿಂದಕ್ಕೆ ತಿರುಗಿತು.

“ಭರವಸೆ ಕೊಡೋಕೆ ನನಗೆ ಇದೆಲ್ಲ ಅರ್ಥ ಆಗಲ್ಲ. ಅರ್ಥ ಆಗೋರು ಮೇಲೆ ಕೂತಿದ್ದಾರೆ,” ಎಂದರು. “ಏನಮ್ಮಾ, ನಿಮ್ಮಪ್ಪನ ಟ್ಯಾಕ್ಸಿಗೆ ಇದನ್ನ ಹಾಕಿಸ್ತೀಯಾ?”

ಡಬ್ಬಿ ಬಿಚ್ಚಿದ ಆ ಮಧ್ಯಾಹ್ನಗಳೆಲ್ಲ ಇದಕ್ಕಾಗಿಯೇ ಇದ್ದವೆಂದು ಆಕೆಗೆ ಅನ್ನಿಸಿತು. ಹೂಂ ಅಂದರೆ ಕುರ್ಚಿ. ಆಡಳಿತದವರು ಮುಗುಳ್ನಗುತ್ತ ಆಕೆಯ ಕಡೆ ವಾಲಿದರು. ಮೂಲೆಯ ಮೆಕ್ಯಾನಿಕ್ಕಿಗೆ ಕೀಲಿ ಎಸೆದು ಚಹಾಕ್ಕೆ ಹೋಗುವ ಅಪ್ಪ ಕಣ್ಣಮುಂದೆ ಬಂದರು.

“ಈಗಲೇ ಬೇಡ ಸರ್,” ಎಂದಳು ಆಕೆ. ಏಕೆ ಬೇಡವೆಂಬುದನ್ನೂ ಹೇಳಿದಳು.

ಸಭೆ ಕೂಗಾಡಲಿಲ್ಲ. ನಮ್ಮ ಅನುಮಾನ ಬೇರೆ ಬಾಗಿಲು ತಟ್ಟಿತ್ತಷ್ಟೇ ಎಂಬಂತೆ ಜನ ತಲೆಯಾಡಿಸುತ್ತ ಎದ್ದರು. ದಂತವೈದ್ಯರು ಹೋಗುವಾಗ ಆಕೆಯ ಹೆಸರು ಕೇಳಿ ತಿಳಿದುಕೊಂಡರು. ಇನ್ನೂ ಹತ್ತಾರು ಜನ ಕೇಳಿದರು. ಊರಿನ ಗಿರಾಕಿಗಳೆಲ್ಲ ಹೆಸರು ಹಿಡಿದು ಕೇಳುವವಳನ್ನು ಮನೆಗೆ ಕಳಿಸಿದರೆ ಉಳಿದ ನಂಬಿಕೆಯೂ ಹೋದೀತೆಂದು ಆಡಳಿತದವರು ಹಲ್ಲು ಕಚ್ಚಿ ಆಕೆಯನ್ನು ಉಳಿಸಿಕೊಂಡರು. ಸಾಫ್ಟ್‌ವೇರ್ ತಡವಾಗಿ, ಹೊರಗಿನ ಗ್ಯಾರೇಜುಗಳಿಗೂ ದಾರಿ ಬಿಟ್ಟುಕೊಟ್ಟು ಬಂತು. ಆಗಲೂ ಗಿರಾಕಿಗಳು ಪೂರ್ತಿ ನಂಬಲಿಲ್ಲ. ಪೂರ್ತಿ ನಂಬಿದರೆ ನಮ್ಮ ವಿಭಾಗಕ್ಕೆ ಬೀಗ ಹಾಕಬೇಕಾದೀತು ಎಂದರು ಮಾವನವರು.

ಕುರ್ಚಿ ಇನ್ನೂ ಒಂದೇ ಇತ್ತು. ಸೇವೆ ಇನ್ನಷ್ಟು ಕಾಲ ಉಳಿದಿರುವಾಗಲೇ ಅವರು ನಿವೃತ್ತಿ ಕೇಳಿಕೊಂಡರು. ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆಯಲ್ಲಿ ಈ ವಿಷಯವಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಯಿತು.

ಮೊನ್ನೆ ಅವರನ್ನು ಮನೆಗೆ ಬಿಟ್ಟುಬರಲು ಹೋದವಳು ಸೊಸೆಯೇ. ಅವರು ಎಂದಿನಂತೆ ಹಿಂದೆ ಕೂತರು. ಅಂದು ಸಭೆಯಲ್ಲಿ ಹಾಗೆ ಕೇಳಿದ್ದು ನನ್ನನ್ನು ಕೆಡವಲಿಕ್ಕೋ ಉಳಿಸಲಿಕ್ಕೋ, ಈಗ ಹೊರಟಿರುವುದು ನನಗಾಗಿಯೋ ಎಂದು ಆಕೆ ಕೊನೆಗೂ ರಸ್ತೆ ನೋಡುತ್ತ ಕೇಳಿದಳು.

“ಅಷ್ಟು ಒಳ್ಳೆಯವನು ಅಂತ ನಂಬ್ಕೋಬೇಡಮ್ಮ,” ಎಂದರು. “ಮೀಟಿಂಗು ಸಾಕಾಗಿತ್ತು.”

ಆಕೆ ಅದನ್ನೂ ನಂಬಲಿಲ್ಲ. ಈ ವಿಭಾಗಕ್ಕೆ ತಕ್ಕವರೇ ಬಂದಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮನೆಯ ಮುಂದೆ ಇಳಿದ ಮಾವನವರು ಬಾಗಿಲು ಹಾಕಿದರು. ಮತ್ತೆ ತೆಗೆದು, ಮತ್ತೆ ಹಾಕಿ, ತಲೆ ವಾಲಿಸಿ ಆಲಿಸಿದರು. ರಬ್ಬರು ನೋಡಿಸು ಎಂದು ಹೇಳಿ ಒಳಗೆ ಹೋದರು.

ಹಿರಿಯರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ. ಕರೆದವರ ಕಾರಿನಲ್ಲಿ ಹಿಂದಿನ ಸೀಟು ಅವರಿಗಾಗಿ ಸದಾ ಖಾಲಿಯಿರಲಿ. ಅವರ ಕಿವಿ ಇನ್ನೂ ಬಹುಕಾಲ ಯಾರನ್ನೂ ಸುಲಭಕ್ಕೆ ನಂಬದಿರಲಿ. ಈ ಗ್ರಂಥ ಕೈ ಸೇರಿದಾಗ, ನಮ್ಮೆಲ್ಲರ ಹೊಗಳಿಕೆಯನ್ನು ಓದುವ ಮುಂಚೆ ಅವರು ಇದನ್ನೊಮ್ಮೆ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ಸದ್ದು ಕೇಳಿ ನೋಡುತ್ತಾರೆ. ನೋಡಲಿ.