ಬಾವಿಗೆ ಇಳಿದ ಕೆಂಪು ನೂಲು

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನಾಗ ತಮಿಳು ಸೀಮೆಯಲ್ಲಿ, ಕರುಮತ್ತಂಪಟ್ಟಿಯ ಆಚೆಗಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್. ಕೈಮಗ್ಗದವರ ಬೀದಿಯಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಅವರೂ ನನ್ನಂತೆಯೇ ಮನೆಯಲ್ಲಿ ಕನ್ನಡ ಆಡುವವರು. ಮಾತು ಒಂದೇ, ಕೆಲಸ ಸಲೀಸು ಎಂದುಕೊಂಡು ಬೀದಿಯ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಕಾಯಿಲೆ ನನ್ನ ಲೆಕ್ಕವನ್ನು ಕೇಳಲಿಲ್ಲ.

ಒಂದು ಬೆಳಿಗ್ಗೆ ಆ ಬೀದಿಯ ನಂಜಮ್ಮನ ಸೊಸೆ ಮಲ್ಲಿಕಾಳನ್ನು ಗಾಡಿಯಲ್ಲಿ ಹಾಕಿಕೊಂಡು ಕೇಂದ್ರಕ್ಕೆ ಬಂದರು. ಎಳೆಬಾಣಂತಿ. ಕಣ್ಣು ಗುಳಿಬಿದ್ದಿತ್ತು, ನಾಡಿ ಸಿಗುತ್ತಿರಲಿಲ್ಲ. ಡಾಕ್ಟರು ಎರಡೂ ತೋಳಿಗೆ ಸಲೈನ್ ಏರಿಸಿ ನನ್ನ ಕಡೆ ತಿರುಗಿದರು: "ಇವಳಿಗಾಗುವಷ್ಟು ಬಾಟಲಿ ಇದೆ. ಮುಂದೆ ಬರುವವರಿಗೆ ಇಲ್ಲ. ಮೂಲ ಎಲ್ಲಿದೆ ನೋಡಿ."

ನನಗೆ ಭಯವಾಯಿತು. ನೇರ ನಂಜಮ್ಮನ ಮನೆಗೆ ಹೋದೆ. ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿಗೆ ತಿರುಗುವ ಒಂದು ದ್ರಾವಣ ನಮ್ಮ ಬಳಿ ಇರುತ್ತಿತ್ತು. ಬಾವಿಯ ನೀರು ಹಳದಿಯಾಯಿತು. ಮಗ್ಗದ ಪಕ್ಕದ ಗಡಿಗೆಯ ನೀರು ಮಾತ್ರ ಹಾಗೇ ಉಳಿಯಿತು.

"ಈ ನೀರು ಎಲ್ಲಿಂದ, ಅತ್ತೆ?"

ನಂಜಮ್ಮ ಮುಖ ತಿರುಗಿಸಿದರು. "ಹಳೇ ಕಿಣತ್ತಿಂದು. ಪಾವಿಗೆ ಗಂಜಿ ಕಾಸೋಕೆ. ನಿಮ್ ಮರುಂದು ಬಿದ್ದ ನೀರಲ್ಲಿ ಹೋದ್ಸಲ ಕೆಂಪು ನೂಲೆಲ್ಲ ವೆಳುತ್ತು ಹೋಯ್ತು ತಂಬಿ. ಬಣ್ಣ ಹೋದ ಸೀರೇನ ಯಾರ್ ತಗೋತಾರೆ?"

ಬಾವಿಗೆ ಅವರು ಕಿಣರು, ಔಷಧಿಗೆ ಮರುಂದು, ಹಾಸುನೂಲಿಗೆ ಪಾವು ಎನ್ನುತ್ತಾರೆ. ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಬಿಸಿಲಲ್ಲಿ ಬಾಯಾರಿದವರು ಗಂಜಿಗೆಂದು ತಂದ ನೀರನ್ನೇ ಕುಡಿಯುತ್ತಿದ್ದರು. ಮಲ್ಲಿಕಾಳೂ ಅದನ್ನೇ ಕುಡಿದಿದ್ದಳು. ನೂಲಿನ ಬಣ್ಣ ಉಳಿಸಲು ಹೋಗಿ ಮನುಷ್ಯರ ಬಣ್ಣ ಹೋಗಿತ್ತು. ಸಿಟ್ಟು ನೆತ್ತಿಗೇರಿತಾದರೂ ನುಂಗಿಕೊಂಡೆ. ಹಳೇ ಬಾವಿಯನ್ನು ಮುಳ್ಳು ಹಾಕಿ ಮುಚ್ಚಿಸಿದರೆ ಬೇರೆ ಎಲ್ಲಿಂದಲೋ ತರುತ್ತಾರೆ, ಅಷ್ಟೆ.

ಪೌಡರನ್ನು ನೀರಲ್ಲಿ ಕದಡಿ, ತಿಳಿಯನ್ನು ಮಾತ್ರ ಬೀದಿಯ ಬಾವಿಗೆ ಬಿಟ್ಟು, ಒಂದು ಗಂಟೆ ಕಾಯಬೇಕು; ಅಷ್ಟರಲ್ಲಿ ಅದರ ಖಾರ ಇಳಿದು ನೂಲಿಗೆ ಏಟಾಗದು. ಹಿಂದಿನ ಸಲ ಯಾರೂ ಕಾದಿರಲಿಲ್ಲ. ಈ ಸಲ ಬೀದಿಯ ಎದುರಿಗೇ ಎಲ್ಲ ಮಾಡಿ, ಗಂಟೆ ಕಳೆದ ಮೇಲೆ ನಂಜಮ್ಮನ ಕೈಯಿಂದಲೇ ಕೆಂಪು ನೂಲಿನ ಒಂದು ಲಡಿಯನ್ನು ಬಾವಿಗಿಳಿಸಿದೆ. ಬಣ್ಣ ಬಿಟ್ಟರೆ ನನ್ನ ಮಾತನ್ನು ಆ ಬೀದಿಯಲ್ಲಿ ನಾಯಿಯೂ ಕೇಳುವುದಿಲ್ಲ ಎಂದು ಗೊತ್ತಿತ್ತು. ನೂಲು ಬಿಸಿಲಿಗೆ ಒಣಗುವ ತನಕ ಯಾರೂ ಕದಲಲಿಲ್ಲ.

ನಂಜಮ್ಮ ಒಣಗಿದ ಲಡಿಯನ್ನು ಮನೆಯ ಹೊಸ ನೂಲಿನ ಪಕ್ಕ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದರು. ಎರಡೂ ಒಂದೇ ಕೆಂಪು. ಆಮೇಲೆ ಒಳಗೆ ಹೋಗಿ, ಗಡಿಗೆಯನ್ನು ತಂದು ಚರಂಡಿಗೆ ಸುರಿದರು. ಒಂದೊಂದೇ ಮನೆಯಿಂದ ಗಡಿಗೆಗಳು ಹೊರಬಂದವು.

ಮಲ್ಲಿಕಾ ಬದುಕಿದಳು. ಆ ಬೀದಿಯಿಂದ ಮತ್ತೆ ಗಾಡಿ ಬರಲಿಲ್ಲ.

ಜನರ ಆರೋಗ್ಯ ಸುಧಾರಿಸಿದ್ದು ಹೇಗೆ ಎಂದು ಈಗ ಕೇಳುವವರಿಗೆ ಲಸಿಕೆ, ಸಲೈನ್, ಕ್ಲೋರಿನ್ ಎಂದೇ ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ಮುಂದೆ ಯಾವ ಊರಿಗೆ ಹೋದರೂ, ಇಲ್ಲಿ ನೀರಿನಿಂದ ಏನು ಕೆಲಸ ಮಾಡುತ್ತೀರಿ ಎಂದು ಕೇಳದೆ ನಾನು ಪೌಡರ್ ಡಬ್ಬಿ ಬಿಚ್ಚಲಿಲ್ಲ. ನಂಜಮ್ಮನ ಬೀದಿಯಲ್ಲಂತೂ ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಸೈಕಲ್ ಕಂಡ ಕೂಡಲೇ ಮಲ್ಲಿಕಾ ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೆಂಪು ನೂಲು ಹಿಡಿದು ಬಾವಿಕಟ್ಟೆಗೆ ಬರುತ್ತಿದ್ದಳು.