ಕರ್ಚೀಫಿನೊಳಗಿದ್ದ ಫೋನು

ಇದನ್ನು ಹೇಳುವುದನ್ನು ತಪ್ಪಿಸಿಕೊಳ್ಳಲು ಈ ಜಾಗದಲ್ಲಿ ನಾನು ಏನೇನು ಬರೆದೆ ಎಂಬುದಕ್ಕೆ ನೀವೇ ಸಾಕ್ಷಿ. ಒಂದು ವಾರ ಹಾಪೂಸ್ ಮಾವಿನಹಣ್ಣಿನ ಬಗ್ಗೆ ಬರೆದೆ. ಆಮೇಲೆ ಬಿಲ್ಡಿಂಗಿನ ಪಾರಿವಾಳಗಳು. ಆಮೇಲೆ ನಮ್ಮ ಲಿಫ್ಟ್ ಕೆಟ್ಟು ನಿಂತ ಕಥೆ. ಕಳೆದ ವಾರವಂತೂ ಮೊಣಕಾಲು ನೋವಿನ ಮೇಲೆ ಪೂರ್ತಿ ಅಂಕಣ. (ಮೊಣಕಾಲು ಚೆನ್ನಾಗಿದೆ. ವಿಚಾರಿಸಿದ ಓದುಗರಿಗೆಲ್ಲ ಥ್ಯಾಂಕ್ಸ್.)

ಇನ್ನು ಬಚ್ಚಿಟ್ಟುಕೊಳ್ಳಲು ವಿಷಯ ಉಳಿದಿಲ್ಲ. ಹೇಳಿಬಿಡುತ್ತೇನೆ.

ನನ್ನ ಫೋನಿನ ಸ್ಕ್ರೀನ್ ಒಡೆಯಿತು.

ಅಷ್ಟೇನಾ ಎನ್ನಬೇಡಿ. ಮುಂಬಯಿಯಲ್ಲಿ ದಿನಕ್ಕೆ ಎಷ್ಟು ಫೋನ್ ಒಡೆಯುತ್ತವೋ ಯಾರಿಗೆ ಗೊತ್ತು. ಆದರೆ ನನ್ನ ಫೋನ್ ಒಡೆದ ರೀತಿಯಲ್ಲಿ ಇನ್ನೊಬ್ಬರ ಫೋನ್ ಒಡೆದಿರಲಾರದು. ಒಡೆದ ಮೇಲೆ ನಾನು ಮಾಡಿದ್ದನ್ನು ಮಾತ್ರ ಬೇಕಾದಷ್ಟು ಜನ ಮಾಡಿರುತ್ತಾರೆ. ಅವರು ಯಾರೂ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಫೋನ್ ಕೊಡಿಸಿದ್ದು ಠಾಣೆಯಲ್ಲಿರುವ ಮಗಳು. ಕೊಡಿಸುವಾಗಲೇ ಆರ್ಡರ್ ಮಾಡಿದ್ದಳು. "ಅಪ್ಪಾ, ಕವರ್ ಹಾಕ್ಸು. ಗ್ಲಾಸ್ ಹಾಕ್ಸು. ಶರ್ಟ್ ಜೇಬಲ್ಲಿ ಇಟ್ಕೋಬೇಡ." ನಾನು ಮೂರಕ್ಕೂ ಹೂಂ ಎಂದೆ. ಕವರೂ ಹಾಕಿಸಲಿಲ್ಲ, ಗ್ಲಾಸೂ ಹಾಕಿಸಲಿಲ್ಲ. ಅಷ್ಟು ಚೆಂದದ ಫೋನಿಗೆ ರಬ್ಬರಿನ ಕವರ್ ಹಾಕಿದರೆ, ಮದುಮಗನಿಗೆ ರೇನ್‌ಕೋಟ್ ತೊಡಿಸಿದ ಹಾಗೆ ಕಾಣುತ್ತದೆ. ಅದರ ಬದಲು ನಾನು ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಬೆವರು ತಾಕುವುದಿಲ್ಲ, ಗೀರು ಬೀಳುವುದಿಲ್ಲ. ಮಗಳಿಗಿಂತ ಜಾಣ ನಾನು ಎಂಬ ಹೆಮ್ಮೆ ಬೇರೆ.

ಆ ಭಾನುವಾರ ಮಾಟುಂಗದಲ್ಲಿ ನಮ್ಮ ಸಂಘದ ಸಭೆ. ಮುಗಿದ ಮೇಲೆ ಇಡ್ಲಿ, ಕಾಫಿ. ದಾದರಿಗೆ ಬಂದು, ಅಲ್ಲಿಂದಲೇ ಹೊರಡುವ ಸ್ಲೋ ಲೋಕಲ್‌ಗೆ ಕಾದು ನಿಂತೆ. ಮನೆಯಿರುವ ದಹಿಸರ್‌ವರೆಗೆ ನಿಂತು ಹೋಗುವ ವಯಸ್ಸಲ್ಲ ನನ್ನದು. ಟ್ರೇನ್ ಬಂತು. ನುಗ್ಗಿದರು. ನನ್ನನ್ನೂ ನುಗ್ಗಿಸಿದರು. ಒಳಗೆ ಕಾಲಿಟ್ಟು ನೋಡುತ್ತೇನೆ, ಕಿಟಕಿ ಪಕ್ಕದ ಸೀಟು ಖಾಲಿ! ಆದರೆ ಆ ಕಡೆಯ ಬಾಗಿಲಿನಿಂದ ಒಬ್ಬ ದಪ್ಪ ಮನುಷ್ಯ ಅದೇ ಸೀಟಿನ ಮೇಲೆ ಕಣ್ಣಿಟ್ಟು ಬರುತ್ತಿದ್ದಾನೆ.

ನಾನು ಮೈಸೂರು ಕಡೆಯವನು. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಹೈಸ್ಕೂಲಿಗೆ ಹೋಗುವಾಗಲೇ ಕಲಿತವನು. ಹೈಸ್ಕೂಲಿನಲ್ಲಿ ಕಲಿಸಿದ್ದೆಲ್ಲ ಮರೆತಿದೆ. ಇದೊಂದು ಮರೆತಿಲ್ಲ. ತಲೆ ಯೋಚಿಸುವ ಮೊದಲು ಕೈ ಎಸೆಯಿತು, ಕರ್ಚೀಫನ್ನು.

ಕರ್ಚೀಫಿನೊಳಗೆ ಏನಿತ್ತು?

ಠಣ್ ಎಂದು ಕಿಟಕಿಯ ಕಬ್ಬಿಣದ ಸರಳಿಗೆ ಬಡಿದು ಗಂಟು ಸೀಟಿನ ಮೇಲೆ ಬಿತ್ತು. ದಪ್ಪ ಮನುಷ್ಯ ಅದನ್ನೂ ನನ್ನನ್ನೂ ನೋಡಿದ. "ಅಂಕಲ್, ರುಮಾಲ್ ಮೇ ಪತ್ಥರ್ ಬಾಂಧ್‌ಕೇ ಲಾಯೇ ಕ್ಯಾ?" ಎಂದ. ಆಮೇಲೆ ಕಲ್ಲು ಕಟ್ಟಿಕೊಂಡು ಓಡಾಡುವ ಮುದುಕನ ಜೊತೆ ಜಗಳ ಯಾಕೆಂದು ಬೇರೆ ಕಡೆ ಹೋದ.

ಸೀಟು ಸಿಕ್ಕಿತು. ಕಿಟಕಿ ಪಕ್ಕದ್ದೇ.

ಮಾಹೀಮ್ ಬರುವವರೆಗೆ ಗಂಟು ಬಿಚ್ಚುವ ಧೈರ್ಯ ಬರಲಿಲ್ಲ. ಬಿಚ್ಚಿದರೆ, ಸ್ಕ್ರೀನಿನ ಮೇಲೆ ಮುಂಬಯಿಯ ರೈಲ್ವೆ ಮ್ಯಾಪಿನ ಹಾಗೆ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಲ್ಲ ಲೈನುಗಳೂ ಮೂಡಿದ್ದವು. ದಾದರ್ ಇರಬೇಕಾದ ಕಡೆ ಒಂದು ಪುಟ್ಟ ಗುಂಡಿ.

ಒಡೆದದ್ದನ್ನು ಮನೆಯಲ್ಲಿ ಹೇಳಲಿಲ್ಲ. ಹೇಗೆ ಹೇಳಲಿ? ಹೆಂಡತಿಗೆ ಹೇಳಿದರೆ ಮಗಳಿಗೆ ಹೋಗುತ್ತದೆ. ಮಗಳು "ನಾ ಹೇಳಿರ್ಲಿಲ್ವಾ ಅಪ್ಪಾ" ಎನ್ನುತ್ತಾಳೆ. ಆ ಒಂದು ವಾಕ್ಯವನ್ನು ತಪ್ಪಿಸಿಕೊಳ್ಳಲು ಗಂಡಸು ಎಷ್ಟು ಕೆಳಗಿಳಿಯಬಲ್ಲ ಎಂಬುದೇ ಈ ವಾರದ ವಿಷಯ. ಫೋನನ್ನು ಬೋರಲು ಇಡತೊಡಗಿದೆ. ಟೇಬಲ್ ಮೇಲೆ ಬೋರಲು, ದಿಂಬಿನ ಪಕ್ಕ ಬೋರಲು. ಕಾಲ್ ಬಂದರೆ ಬಾಲ್ಕನಿಗೆ ಓಡುತ್ತಿದ್ದೆ. ಹೆಂಡತಿಗೆ ಬೇರೆ ಅನುಮಾನ ಬಂದಿತ್ತೋ ಏನೋ. (ಈ ವಯಸ್ಸಿನಲ್ಲಿ ಅಂಥ ಅನುಮಾನ ಬಂದಿದ್ದರೆ ಸಂತೋಷವೇ.)

ಈಗ ಪಕ್ಕದ ಮನೆಯ ಅಕ್ಕನ ವಿಷಯಕ್ಕೆ ಬರಬೇಕು.

ಧಾರವಾಡದ ಕಡೆಯವರು. ಗಂಡ ಇಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದರು, ತೀರಿಕೊಂಡು ವರ್ಷಗಳಾದವು. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ದೊಡ್ಡವರು. ಇಡೀ ಬಿಲ್ಡಿಂಗಿನಲ್ಲಿ ನನ್ನ ಹೆಂಡತಿಗೆ ಕನ್ನಡದಲ್ಲಿ ಜಗಳ ಆಡಲು, ನಗಲು ಇರುವವರು ಅವರೊಬ್ಬರೇ. ಅವರ ಹೆಸರನ್ನು ಇಲ್ಲೇ ಬರೆಯಬೇಕಿತ್ತು. ಇನ್ನೂ ಕೈ ಬರುತ್ತಿಲ್ಲ. ಮುಗಿಸುವುದರೊಳಗೆ ಬರೆಯುತ್ತೇನೆ.

ಸಂಜೆ ಸಂಜೆ ಅವರು ಚಹಾಕ್ಕೆ ಬರುತ್ತಿದ್ದರು. ಈ ಅಂಕಣವನ್ನು ಮೊದಲು ಓದುವವರೂ ಅವರೇ. ಭೂತಗನ್ನಡಿ ಹಿಡಿದು ಓದಿ, "ಸಾಹೇಬ್ರ, ಈ ಸಲ ಉಪ್ಪು ಕಡಿಮಿ ಆಗೇದ ನೋಡ್ರಿ" ಎಂದೋ "ನಿಮ್ಮ ಗಾಳಿಪಟ ಹಾರಲೇ ಇಲ್ರಿ" ಎಂದೋ ಮಾರ್ಕ್ಸ್ ಕೊಡುತ್ತಿದ್ದರು. ಇತ್ತೀಚೆಗೆ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಅದನ್ನೂ ತಮಾಷೆ ಮಾಡುತ್ತಿದ್ದರು. "ನಾ ಕುಣಿ ಅಂದಿಲ್ಲವಾ, ತಾವಽ ಕುಣಿತಾವ" ಎಂದು ಹೆಂಡತಿಗೆ ಹೇಳಿ, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದರು.

ಒಂದು ಸಂಜೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ರೀ, ಮೊಮ್ಮಗಳು ಡಾನ್ಸ್ ಮಾಡಿದ ವಿಡಿಯೋ ಅಕ್ಕಂಗೆ ತೋರ್ಸಿ."

"ಬ್ಯಾಟರಿ ಇಲ್ಲ."

"ಈಗ ತಾನೇ ಚಾರ್ಜರಿಂದ ತೆಗೆದ್ರಲ್ಲ?"

ಅಕ್ಕ ಕೈ ಚಾಚಿದರು. "ಕೊಡ್ರಿಲ್ಲೆ ಸಾಹೇಬ್ರ. ನಾ ಏನು ಅದನ್ನ ತಿಂತೀನೇನು?"

ಕೊಟ್ಟೆ. ಬೋರಲಾಗಿಯೇ ಕೊಟ್ಟೆ. ಅವರ ಬೆರಳು ಅದನ್ನು ಹಿಡಿಯುವ ಮೊದಲು, ಒಂದು ಚೂರು ಮೊದಲು, ನನ್ನ ಬೆರಳು ಬಿಟ್ಟವು.

ಬೇಕೆಂದೇ ಬಿಟ್ಟೆನಾ? ಬಹಳ ದಿನ ನನಗೆ ನಾನೇ "ಇಲ್ಲ" ಎಂದುಕೊಂಡೆ. ಈಗ ಅಚ್ಚಿನಲ್ಲಿ ಹೇಳುತ್ತಿದ್ದೇನೆ: ಹೌದು.

ಫೋನ್ ನೆಲಕ್ಕೆ ಬಿತ್ತು. ಎತ್ತಿ ತಿರುಗಿಸಿದರು. ರೈಲ್ವೆ ಮ್ಯಾಪ್ ಕಾಣಿಸಿತು.

"ಅಯ್ಯ ಶಿವನ," ಎಂದರು ಅಕ್ಕ, ಮೆಲ್ಲಗೆ. "ಒಡದೇ ಬಿಟ್ಟೆನಲ್ರಿ." ಆಮೇಲೆ ಫೋನ್ ನೋಡಲಿಲ್ಲ. ತಮ್ಮ ಕೈಗಳನ್ನೇ ನೋಡುತ್ತ ಕುಳಿತರು.

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನೇನಂದೆ ಗೊತ್ತೇ? "ಇರ್ಲಿ ಬಿಡಿ ಅಕ್ಕ, ಆಗುತ್ತೆ" ಎಂದೆ. ಆ ಸಂಜೆ ಮಗಳಿಗೂ ಕಾಲ್ ಮಾಡಿ ಹೇಳಿದೆ, ಈ ಸಲ ಬಾಲ್ಕನಿಗೆ ಓಡದೆ, ಹಾಲ್‌ನಲ್ಲೇ ಕಾಲು ಚಾಚಿ ಕುಳಿತು. "ಪಾಪ, ಪಕ್ಕದ ಮನೆ ಆಂಟಿ ಕೈಯಿಂದ ಬಿತ್ತಮ್ಮ." ಮಗಳು, "ಆಂಟಿಗೇನೂ ಅನ್ಬೇಡ ಅಪ್ಪಾ" ಎಂದಳು. "ಛೆ ಛೆ, ನಾನ್ಯಾಕನ್ಲಿ" ಎಂದೆ. ಎಷ್ಟು ದೊಡ್ಡ ಮನಸ್ಸು ನೋಡಿ ನನ್ನದು!

ಆಮೇಲೆ ರಿಪೇರಿ ಪುರಾಣ.

ಮೊದಲು ಯೂಟ್ಯೂಬ್. ಬಿರುಕಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಮಾಯವಾಗುತ್ತದೆ ಎಂದು ಒಬ್ಬ ನಗುನಗುತ್ತ ತೋರಿಸಿದ. ಹಚ್ಚಿದೆ, ಉಜ್ಜಿದೆ. ಬಿರುಕು ಹಾಗೇ ಇತ್ತು. ಪೇಸ್ಟ್ ಮಾತ್ರ ಸ್ಪೀಕರ್ ತೂತಿನೊಳಗೆ ಇಳಿದು, ಯಾರು ಮಾತಾಡಿದರೂ ಬಾಯಿ ಮುಕ್ಕಳಿಸುತ್ತ ಮಾತಾಡಿದಂತೆ ಕೇಳತೊಡಗಿತು.

ಆಮೇಲೆ ಅಗಲದ ಸೆಲೋಟೇಪ್. ಅಂಟಿಸಿದೆ. ಫೋನಿಗೆ ದೆವ್ವ ಹಿಡಿಯಿತು. ನಾನು ಮುಟ್ಟದೆಯೇ ಅದು ತಾನಾಗಿ ಏನೇನೋ ಒತ್ತುತ್ತಿತ್ತು. ನಮ್ಮ ಸಂಘದ ಗ್ರೂಪಿನಲ್ಲಿ ಒಬ್ಬರ ಮಾವ ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಕೈ ಜೋಡಿಸಿದ್ದರು. ನನ್ನ ಫೋನ್ ಬಲೂನು ಹಾರಿಸಿತು. ಹಿಂದೆಯೇ ಒಂದು ಕೇಕ್. ತಕ್ಷಣ ಹೆಂಡತಿಯ ಫೋನಿನಿಂದ ಅವರಿಗೆ ಕಾಲ್ ಮಾಡಿ ಕ್ಷಮೆ ಕೇಳಿದೆ. ಅವರು ಒಳ್ಳೆಯವರು, ಅಳುವಿನ ನಡುವೆಯೂ ನಕ್ಕರು.

ನೋಡಿ, ಫೋನ್ ಮಾಡಿದ ತಪ್ಪಿಗೆ ಕ್ಷಮೆ ಕೇಳಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಕಂಪನಿಯ ಸರ್ವಿಸ್ ಸೆಂಟರ್. ಬೋರಿವಲಿಯ ಮಾಲ್‌ನಲ್ಲಿ, ಆಸ್ಪತ್ರೆಗಿಂತ ಸ್ವಚ್ಛ, ಆಸ್ಪತ್ರೆಗಿಂತ ತಣ್ಣಗೆ. ಟೋಕನ್ ಕೊಟ್ಟರು. ನನ್ನ ಪಕ್ಕ ಕೂತವರೆಲ್ಲ ತಮ್ಮ ತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರ್ ಕರೆಯುವುದನ್ನೇ ಕಾಯುವಂತಿದ್ದರು. ಹೇಗೆ ಒಡೆಯಿತೆಂದು ಕೌಂಟರಿನ ಹುಡುಗಿ ಕೇಳಿದಳು, "ಅಂಕಲ್, ಕೈಸೇ ಟೂಟಾ?"

ಅವಳ್ಯಾರೋ, ನಾನ್ಯಾರೋ. ನಿಜ ಹೇಳಿದ್ದರೆ ನಷ್ಟವೇನಿತ್ತು? ಆದರೂ "ಪಡೋಸೀ ಕೇ ಹಾಥ್ ಸೇ ಗಿರಾ" ಎಂದೆ. ಪಕ್ಕದ ಮನೆಯವರ ಕೈಯಿಂದ. ಅವಳು ಹೇಳಿದ ರಿಪೇರಿ ಖರ್ಚಿಗೆ ಇನ್ನೊಂದು ಫೋನೇ ಬರುತ್ತಿತ್ತು. ಎದ್ದು ಬಂದೆ.

ಕೊನೆಗೆ ದಹಿಸರ್ ಸ್ಟೇಷನ್ ಹೊರಗಿನ ಗೂಡಂಗಡಿ. ಅವನು ಫೋನ್ ನೋಡಿ, ಹೇಗೆ ಒಡೆಯಿತು ಎಂದು ಕೇಳಲಿಲ್ಲ. ಅದಕ್ಕೇ ಅವನು ನನಗೆ ಇಷ್ಟವಾದ. "ಅಂಕಲ್, ಓರಿಜಿನಲ್ ಡಾಲೂಂ, ಓರಿಜಿನಲ್ ಜೈಸಾ ಡಾಲೂಂ, ಯಾ ಬಸ್ ಚಲನೇವಾಲಾ?" ಎಂದ. ಅಸಲಿ, ಅಸಲಿಯಂಥದ್ದು, ಇಲ್ಲವೇ ಸುಮ್ಮನೆ ಕೆಲಸ ಸಾಗಿಸುವಂಥದ್ದು.

ಅಸಲಿಯಂಥದ್ದನ್ನು ಹಾಕಿಸಿಕೊಂಡು ಬಂದೆ. ಈಗ ಎಲ್ಲರ ಫೋಟೋವೂ ಸ್ವಲ್ಪ ನೀಲಿ. ಮದುವೆ ಫೋಟೋದಲ್ಲೂ ಜನ ತಣ್ಣೀರು ಸ್ನಾನ ಮಾಡಿ ನಡುಗುತ್ತಿರುವಂತೆ ಕಾಣುತ್ತಾರೆ.

ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಹೆಂಡತಿ ಮಾಟುಂಗದ ಪ್ಯಾಂಟನ್ನು ಒಗೆಯಲು ತೆಗೆದಳು. ಜೇಬಿನಲ್ಲಿ ಕರ್ಚೀಫ್.

ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಬಂದು ಎದುರು ನಿಂತಳು. "ಅಕ್ಕನ ಕೈಯಿಂದ ಫೋನ್ ಬಿದ್ದಾಗ ಈ ಕರ್ಚೀಫ್ ಎಲ್ಲಿತ್ತು?"

"ಪ್ಯಾಂಟಲ್ಲಿ."

"ಪ್ಯಾಂಟು?"

"ಬಾತ್‌ರೂಮಲ್ಲಿ, ಮೊಳೆಗೆ ನೇತು ಹಾಕಿತ್ತು."

"ಹಂಗಾದ್ರೆ ಹಾಲ್‌ನಿಂದ ಗಾಜಿನ ಚೂರು ಅಲ್ಲಿಗೆ ನಡ್ಕೊಂಡು ಹೋಯ್ತಾ?"

ಎಲ್ಲ ಹೇಳಿದೆ. "ಸೀಟ್ ಸಿಕ್ತಾ?" ಎಂದಳು.

"ಸಿಕ್ತು."

"ಕಿಟಕಿ ಪಕ್ಕಾನಾ?"

"ಹೂಂ."

"ಒಳ್ಳೇದಾಯ್ತು. ಈಗ ಎದ್ದು ಹೋಗಿ ಅಕ್ಕಂಗೆ ಹೇಳಿ. ನಾ ಹೇಳಲ್ಲ. ಬಿಟ್ಟಿದ್ದು ನಿಮ್ಮ ಕೈ, ಹೇಳ್ಬೇಕಾದ್ದು ನಿಮ್ಮ ಬಾಯಿ."

ಹೋದೆ. ಬೆಲ್ ಒತ್ತಿದೆ. ಅಕ್ಕ ಬಾಗಿಲು ತೆಗೆದರು. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವರೇ ಶುರು ಮಾಡಿದರು. "ಸಾಹೇಬ್ರ, ತಪ್ಪಾತ್ರಿ. ಮಗಳು ಪ್ರೀತಿಲೆ ಕೊಡಿಸಿದ್ದು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನಾನು ಏನು ಮಾಡಿದೆ?

ಅವರನ್ನು ಕ್ಷಮಿಸಿದೆ. "ಪರವಾಗಿಲ್ಲ ಅಕ್ಕ" ಎಂದು ಹೇಳಿ, ಕೈ ಮುಗಿದು, ವಾಪಸ್ ಬಂದೆ. ಕ್ಷಮೆ ಕೇಳಲು ಹೋದವನು ಕ್ಷಮೆ ಕೊಟ್ಟು ಬಂದೆ.

ಆ ಗೂಡಂಗಡಿಯವನ ಮಾತು ಆಗಾಗ ನೆನಪಾಗುತ್ತದೆ. ನಾವು ದಿನವೂ ಕೇಳುವ ಕ್ಷಮೆಗಳಲ್ಲಿ ಓರಿಜಿನಲ್ ಎಷ್ಟು? ಲೋಕಲ್‌ನಲ್ಲಿ ಕಾಲು ತುಳಿದು "ಸಾರಿ ಹಾಂ" ಎನ್ನುತ್ತೇವೆ. ವಾಟ್ಸಾಪ್‌ನಲ್ಲಿ ಜೋಡಿಸಿದ ಕೈ ಕಳಿಸುತ್ತೇವೆ. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಎನ್ನುತ್ತೇವೆ, ಬೇಜಾರಾದದ್ದೂ ಅವರದೇ ತಪ್ಪು ಎಂಬಂತೆ. ಎಲ್ಲ ಕೆಲಸ ಸಾಗಿಸುವ ಮಾಲು. ನಾನು ಅಷ್ಟನ್ನೂ ಕೊಡಲಿಲ್ಲ.

ಅಕ್ಕ ಚಹಾಕ್ಕೆ ಬರುವುದು ಕಡಿಮೆಯಾಯಿತು. ಬಂದರೂ ಸ್ಟೀಲ್ ಲೋಟ ಬೇಕು ಎನ್ನುತ್ತಿದ್ದರು. ಪೇಪರ್ ಓದಿ ವಾಪಸ್ ಕೊಡುತ್ತಿದ್ದರು, ಉಪ್ಪಿನ ಮಾತಿಲ್ಲ. ಸಂಜೆ ನನ್ನ ಹೆಂಡತಿ ಒಬ್ಬಳೇ ಕಪ್ ಹಿಡಿದು ಕೂರುವುದನ್ನು ನೋಡುತ್ತ ನಾನು ಪಾರಿವಾಳ, ಮೊಣಕಾಲು ಬರೆದುಕೊಂಡಿದ್ದೆ.

ಮೊನ್ನೆ ಲಿಫ್ಟ್ ಮತ್ತೆ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬರುತ್ತಿದ್ದೆ. ಎರಡನೇ ಮಹಡಿಯ ಮರಾಠಿ ಹುಡುಗಿಗೆ ಹೊಸದಾಗಿ ಮಗುವಾಗಿದೆ. ಆ ಮಗು ಆಸ್ಪತ್ರೆಯಿಂದ ಬಂದ ದಿನ ಮನೆಯವರ ನಂತರ ಮೊದಲು ಎತ್ತಿಕೊಂಡವರು ಅಕ್ಕ. ದಿನವೂ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದವರೂ ಅವರೇ. ಬಾಗಿಲಲ್ಲಿ ಆ ಹುಡುಗಿ ಮಗುವನ್ನು ಚಾಚಿ ನಿಂತಿದ್ದಳು. "ಘ್ಯಾ ನಾ ಆಜೀ, ತುಮ್‌ಚ್ಯಾಕಡೇ ರಡತ್ ನಾಹೀ." ತಗೊಳ್ಳಿ ಅಜ್ಜಿ, ನಿಮ್ಮ ಹತ್ತಿರ ಅಳುವುದಿಲ್ಲ ಎಂದು.

ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. "ನಕೋ ಬಾಳಾ" ಎಂದರು. ಆಮೇಲೆ ತಮಗೇ ಹೇಳಿಕೊಂಡಂತೆ ಕನ್ನಡದಲ್ಲಿ, "ಬ್ಯಾಡವಾ. ಫೋನ್ ಹಿಡಿಯಾಕ ಆಗಲಿಲ್ಲ ಈ ಕೈಗೆ."

ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಅವರು ನನ್ನನ್ನು ನೋಡಿ ನಕ್ಕು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಹತ್ತಿ ಮನೆಗೆ ಬಂದೆ. ಅಲ್ಲೂ ಹೇಳಲಿಲ್ಲ. ಬಾಯಿ ಬರದವನಿಗೆ ಇನ್ನು ಉಳಿದಿರುವುದು ಈ ಕಾಲಂ ಮಾತ್ರ.

ಈ ವಾರದ ಪೇಪರ್ ಅವರ ಮನೆಗೆ ನಾನೇ ಒಯ್ಯುತ್ತೇನೆ. ಭೂತಗನ್ನಡಿ ತಂದು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಬೈದರೆ ಬೈಯಲಿ. ಉಪ್ಪು ಹೆಚ್ಚಾಯಿತು ಎಂದರೂ ಸರಿ.

ಫೋನ್ ಒಡೆದದ್ದು ನಾನು. ನೀವು ಹೋಗಿ ಆ ಮಗುವನ್ನು ಎತ್ತಿಕೊಳ್ಳಿ, ನೀಲಕ್ಕ.